ಆತುರದ ಬೆಸುಗೆ

1952ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಶ್ ಎಂಬಿಬ್ಬರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸಣ್ಣ ವರದಿ ಪ್ರಕಟಿಸಿದರು. ನೀಲಗಿರಿಯ ಬುಡಕಟ್ಟುಗಳಾದ ಇರುಳರು, ಕುರುಂಬರು, ಪಣಿಯರ ರಕ್ತ ಪರೀಕ್ಷಿಸಿದಾಗ ಅವರಲ್ಲಿ ಸಿಕಲ್ ಸೆಲ್ ಲಕ್ಷಣ ಕಂಡಿತ್ತು. ಆಮ್ಲಜನಕ ಕಡಿಮೆಯಾದಾಗ ದುಂಡಗಿನ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗುವ ಈ ಕಾಯಿಲೆ ಬಹುಮಟ್ಟಿಗೆ ಆಫ್ರಿಕಾ ಮೂಲದವರದ್ದು ಎಂದೇ ಅಲ್ಲಿಯವರೆಗೆ ವೈದ್ಯಲೋಕ ನಂಬಿತ್ತು. ದಕ್ಷಿಣ ಭಾರತದ ಕಾಡಿನಲ್ಲಿ ಅದು ಸಿಕ್ಕಿದ್ದು ದೊಡ್ಡ ಸುದ್ದಿಯೇ. ಆದರೆ ಸುದ್ದಿ ಲಂಡನ್ನಿನ ಓದುಗರಿಗೆ ತಲುಪಿದಷ್ಟು ಬೇಗ ಪಕ್ಕದ ಬೆಟ್ಟಗಳಿಗೆ ತಲುಪಲಿಲ್ಲ.

ಆ ಬೆಟ್ಟಗಳಿರುವ ಕೊಳ್ಳೇಗಾಲ ತಾಲ್ಲೂಕು ಅಂದಿನ ನಕ್ಷೆಯಲ್ಲಿ ಮೈಸೂರಿನದ್ದಲ್ಲ. ಹನೂರು, ಮಲೆ ಮಹದೇಶ್ವರ ಬೆಟ್ಟ ಸಮೇತ ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮಾತ್ರ ಮೈಸೂರಿನಲ್ಲಿತ್ತು. ಎರಡೂ ಕಡೆಯ ಕಾಡುಗಳಲ್ಲಿ ಪೋಡು ಎಂಬ ಹಾಡಿ ಕಟ್ಟಿಕೊಂಡಿದ್ದ ಸೋಲಿಗ ಬುಡಕಟ್ಟಿನವರಿಗೆ ಈ ಗಡಿ ಲೆಕ್ಕಕ್ಕೆ ಇರಲಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರಿಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಹನೂರು ಆಮೇಲೆ ಪ್ರತ್ಯೇಕ ತಾಲ್ಲೂಕಾಯಿತು. ಗಡಿ ಹೀಗೆ ಬದಲಾಗುತ್ತಿದ್ದ ಕಾಲದಲ್ಲಿ ಪೋಡುಗಳಲ್ಲಿ ಮಕ್ಕಳಿಗೆ ಬರುತ್ತಿದ್ದ ಕೈಕಾಲಿನ ನೋವು, ಕಾಮಾಲೆ, ಗುಲ್ಮದ ಊತ, ಸುಸ್ತು ಇವೆಲ್ಲ ಒಂದೇ ಕಾಯಿಲೆಯ ಮುಖಗಳೆಂದು ಹೇಳುವವರು ಬೇಕಿತ್ತು.

ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಕೆಳಗಿನ ಯಳಂದೂರಿನಲ್ಲಿ ಆಗ ಕುಷ್ಠ ವಿಪರೀತವಾಗಿತ್ತು. ಅದಕ್ಕೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿಕೊಂಡಿತು. ಕುಷ್ಠಕ್ಕೆ ಔಷಧ ಇತ್ತು, ಮನೆಮನೆಗೆ ಹೋಗಿ ಕೊಟ್ಟರೆ ಗುಣವಾಗುತ್ತಿತ್ತು. ಬೆಟ್ಟದ ಮೇಲೆ ಸೋಲಿಗರಲ್ಲಿ ಕಂಡ ಸಿಕಲ್ ಸೆಲ್ ಆ ಜಾತಿಯದ್ದಲ್ಲ. ರೋಗಾಣು ಇಲ್ಲ, ಕೊಲ್ಲಬೇಕಾದ ಶತ್ರು ಯಾರೂ ಇಲ್ಲ. ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಬರುವ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಕಾಯಿಲೆ. ಒಂದೇ ಕೆಟ್ಟಿದ್ದರೆ ವ್ಯಕ್ತಿ ಆರೋಗ್ಯವಾಗಿಯೇ ಇದ್ದು ಮುಂದಿನ ಪೀಳಿಗೆಗೆ ದಾಟಿಸುತ್ತಾನೆ.

ಕೆಟ್ಟಿರುವುದಾದರೂ ಎಷ್ಟು? 1949ರಲ್ಲಿ ಲೈನಸ್ ಪಾಲಿಂಗ್ ತಂಡ, ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿ ಚಲಿಸುತ್ತದೆ ಎಂದು ತೋರಿಸಿ ಇದನ್ನು ಅಣುಮಟ್ಟದ ಕಾಯಿಲೆ ಎಂದು ಕರೆಯಿತು. ಕೆಲವೇ ವರ್ಷಗಳಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಂ, ಬೀಟಾ ಗ್ಲೋಬಿನ್ ಸರಪಳಿಯ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿದೆ, ತಪ್ಪು ಅಷ್ಟೇ ಎಂದು ಕಂಡುಹಿಡಿದರು. ಡಿಎನ್‌ಎ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದೇ ಒಂದು: ‘ಎ’ ಇರಬೇಕಾದಲ್ಲಿ ‘ಟಿ’.

ನಮ್ಮ ಜೀವಕೋಶದೊಳಗೆ ಡಿಎನ್‌ಎಯ ತಪ್ಪುಗಳನ್ನು ಹುಡುಕಿ ಸರಿಪಡಿಸುವ ಪ್ರೋಟೀನುಗಳ ದೊಡ್ಡ ಪಡೆಯೇ ಇದೆ, ಹಗಲಿರುಳು ದುಡಿಯುತ್ತದೆ ಎಂದು ಇಂದು ಪಠ್ಯಪುಸ್ತಕಗಳು ಹೇಳುತ್ತವೆ. ಹಾಗಿದ್ದರೆ ಈ ಒಂದಕ್ಷರವನ್ನು ಅವು ಏಕೆ ತಿದ್ದಲಿಲ್ಲ? ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಈ ಪ್ರಶ್ನೆಯಲ್ಲಿದೆ. ಉತ್ತರಕ್ಕೆ ಆ ಪಡೆ ಪತ್ತೆಯಾದ ಬಗೆಯನ್ನು ನೋಡಬೇಕು.

ಡಿಎನ್‌ಎ ರಿಪೇರಿಯಾಗುತ್ತದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ಡಿಎನ್‌ಎಯ ರಚನೆ ಗೊತ್ತಾಗುವ ಮೊದಲೇ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಆಲ್ಬರ್ಟ್ ಕೆಲ್ನರ್ ಒಂದು ಬಗೆಯ ಸೂಕ್ಷ್ಮಜೀವಿಗಳ ಮೇಲೆ ನೇರಳಾತೀತ ಕಿರಣ ಹಾಯಿಸಿ ಎಷ್ಟು ಸಾಯುತ್ತವೆ ಎಂದು ಎಣಿಸುತ್ತಿದ್ದರು. ಲೆಕ್ಕ ಒಂದು ದಿನದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಶಾಖದ ವ್ಯತ್ಯಾಸ ಎಂದುಕೊಂಡು ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಕಾರಣ ತಿಳಿಯಿತು: ಕಿಟಕಿಯ ಬೆಳಕು ಬಿದ್ದ ಸೀಸೆಗಳಲ್ಲಿ ಸತ್ತವೆಂದುಕೊಂಡ ಜೀವಿಗಳು ಚೇತರಿಸಿಕೊಳ್ಳುತ್ತಿದ್ದವು. 1949ರಲ್ಲಿ ಅದು ಪ್ರಕಟವಾಯಿತು. ಅದೇ ಹೊತ್ತಿಗೆ ರೆನಾಟೊ ಡುಲ್ಬೆಕೊ ವೈರಸ್‌ಗಳಲ್ಲಿ ಇದನ್ನೇ ಕಂಡರು. ಬೆಳಕಿನ ಶಕ್ತಿ ಬಳಸಿ ಹಾನಿಯನ್ನು ಬಿಡಿಸುವ ಆ ಪ್ರೋಟೀನಿಗೆ ಫೋಟೊಲಯೇಸ್ ಎಂದು ಹೆಸರು. ವಿಚಿತ್ರವೆಂದರೆ ಕಾಂಗರೂವಿಗೆ ಅದು ಇದೆ. ಮನುಷ್ಯ, ಹಸು, ಇಲಿಗಳಿಗಿಲ್ಲ. ವಿಕಾಸದ ದಾರಿಯಲ್ಲಿ ಎಲ್ಲೋ ಕಳೆದುಕೊಂಡಿದ್ದೇವೆ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಜೋಡಿಸುರುಳಿಯನ್ನು ಜಗತ್ತಿಗೆ ತೋರಿಸಿದಾಗ ದುರಸ್ತಿಯ ಮಾತು ಬರಲಿಲ್ಲ. ಎರಡು ಎಳೆ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದನ್ನು ನೋಡಿ ತಿದ್ದಬಹುದು ಎಂಬುದು ಈಗ ಹೈಸ್ಕೂಲಿನ ಹುಡುಗನಿಗೂ ಹೊಳೆಯುತ್ತದೆ. ಆ ಸಾಧ್ಯತೆ ತಮ್ಮ ಕಣ್ಣಿಗೆ ಬೀಳಲೇ ಇಲ್ಲ ಎಂದು ಕ್ರಿಕ್ ಇಪ್ಪತ್ತು ವರ್ಷಗಳ ನಂತರ ಬರೆದುಕೊಂಡರು. ವಂಶವಾಹಿ ಎಂದರೆ ಕಲ್ಲಿನ ಮೇಲಿನ ಶಾಸನ, ಅದು ಕೆಡುವುದಿಲ್ಲ ಎಂಬ ಭಾವನೆ ಅಷ್ಟು ಗಟ್ಟಿಯಾಗಿತ್ತು.

ಆ ನಂಬಿಕೆ ಒಡೆದವರು ಸ್ವೀಡನ್ನಿನ ಥಾಮಸ್ ಲಿಂಡಾಲ್. ಆರ್‌ಎನ್‌ಎ ಎಷ್ಟು ಸುಲಭವಾಗಿ ಕೆಡುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡು ರೋಸಿಹೋಗಿದ್ದ ಅವರು, ಡಿಎನ್‌ಎ ಮಾತ್ರ ಹೇಗೆ ಗಟ್ಟಿಯಾಗಿರಬಲ್ಲದು ಎಂದು ಕೇಳಿಕೊಂಡರು. ಬಿಸಿ ಮಾಡಿ ಅಳೆದರು. 1972ರ ಲೆಕ್ಕದ ಪ್ರಕಾರ ಸಸ್ತನಿಯ ಒಂದೊಂದು ಜೀವಕೋಶದಲ್ಲೂ ದಿನಕ್ಕೆ ಸಾವಿರಾರು ಅಕ್ಷರಗಳು ತಾವಾಗಿಯೇ ಉದುರುತ್ತವೆ. ವಿಕಿರಣ ಬೇಡ, ವಿಷ ಬೇಡ. ದೇಹದ ನೀರು, ದೇಹದ ಶಾಖ ಇಷ್ಟೇ ಸಾಕು. ಇಷ್ಟು ಕೆಟ್ಟೂ ನಾವು ಬದುಕಿದ್ದೇವೆ ಎಂದರೆ ಯಾರೋ ಸರಿಪಡಿಸುತ್ತಿರಲೇಬೇಕು. 1974ರಲ್ಲಿ ಅವರು ಆ ಕೆಲಸಗಾರರಲ್ಲಿ ಒಬ್ಬನನ್ನು ಹಿಡಿದರು: ಡಿಎನ್‌ಎಯಲ್ಲಿ ಇರಬಾರದ ಯುರಾಸಿಲ್ ಅನ್ನು ಹುಡುಕಿ ಕಿತ್ತುಹಾಕುವ ಪ್ರೋಟೀನು. ಕಿತ್ತ ಜಾಗದಲ್ಲಿ ಇನ್ನೊಂದು ಪ್ರೋಟೀನು ಎಳೆಯನ್ನು ಕೊಯ್ಯುತ್ತದೆ, ಮತ್ತೊಂದು ಎದುರಿನ ಎಳೆ ನೋಡಿ ಸರಿಯಾದ ಅಕ್ಷರ ತುಂಬುತ್ತದೆ, ಕೊನೆಗೆ ಲೈಗೇಸ್ ಎಂಬುದು ಬೆಸೆಯುತ್ತದೆ. ಇದೇ ಯುರಾಸಿಲ್ ಕೀಳುವ ಪ್ರೋಟೀನಿನ ಬ್ಯಾಕ್ಟೀರಿಯಾ ರೂಪದ ಮೇಲೆ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ದೀರ್ಘಕಾಲ ಕೆಲಸ ಮಾಡಿದರು.

ಮನುಷ್ಯನಿಗೆ ಇದರಿಂದ ಏನು ಎಂಬುದು ತಿಳಿದದ್ದು ಚರ್ಮದ ಒಂದು ಅಪರೂಪದ ಕಾಯಿಲೆಯಿಂದ. ಕ್ಸೀರೋಡರ್ಮಾ ಪಿಗ್ಮೆಂಟೋಸಮ್ ಇರುವ ಮಕ್ಕಳು ಬಿಸಿಲಿಗೆ ಬಂದರೆ ಚರ್ಮ ಸುಟ್ಟು, ಎಳೆಯ ವಯಸ್ಸಿನಲ್ಲೇ ಕ್ಯಾನ್ಸರ್ ಆಗುತ್ತದೆ. ಪತ್ರಿಕೆಯೊಂದರಲ್ಲಿ ಈ ಕಾಯಿಲೆಯ ಬಗ್ಗೆ ಓದಿದ ಕ್ಯಾಲಿಫೋರ್ನಿಯಾದ ಜೇಮ್ಸ್ ಕ್ಲೀವರ್, ಇವರಲ್ಲಿ ದುರಸ್ತಿಯೇ ಕೆಟ್ಟಿರಬಹುದೇ ಎಂದು ಅನುಮಾನಿಸಿ ರೋಗಿಗಳ ಚರ್ಮದ ಕೋಶಗಳನ್ನು ಪರೀಕ್ಷಿಸಿದರು. ಅನುಮಾನ ನಿಜವಾಯಿತು, 1968ರಲ್ಲಿ ಅದು ಪ್ರಕಟವಾಯಿತು. ಬಿಸಿಲಿನ ಹಾನಿಯನ್ನು ಎಳೆಯ ತುಂಡು ಸಮೇತ ಕತ್ತರಿಸಿ ಹೊರಹಾಕುವ ಪ್ರೋಟೀನುಗಳ ಕೆಲಸವನ್ನು ಟರ್ಕಿಯಿಂದ ಹೋಗಿದ್ದ ಅಜೀಜ್ ಸಂಜಾರ್, ಡಿಎನ್‌ಎ ನಕಲಿನಲ್ಲಾಗುವ ಬೆರಳಚ್ಚು ದೋಷಗಳನ್ನು ತಿದ್ದುವ ಬಗೆಯನ್ನು ಪಾಲ್ ಮಾಡ್ರಿಚ್ ಬಿಡಿಸಿದರು. ಲಿಂಡಾಲ್ ಜೊತೆಗೆ ಈ ಇಬ್ಬರಿಗೂ 2015ರ ರಸಾಯನ ವಿಜ್ಞಾನದ ನೊಬೆಲ್ ಬಂತು.

ಈಗ ಸಿಕಲ್ ಸೆಲ್‌ನ ಒಂದಕ್ಷರವನ್ನು ಏಕೆ ತಿದ್ದಲಿಲ್ಲ ಎಂಬ ಪ್ರಶ್ನೆಗೆ ಉತ್ತರ. ಈ ಪ್ರೋಟೀನುಗಳೆಲ್ಲ ಹುಡುಕುವುದು ಅಸಹಜತೆಯನ್ನು: ಇರಬಾರದ ಅಕ್ಷರ, ಉದುರಿದ ಅಕ್ಷರ, ಉಬ್ಬಿದ ಎಳೆ, ಒಂದಕ್ಕೊಂದು ಹೊಂದದ ಜೋಡಿ. ಸಿಕಲ್ ಸೆಲ್‌ನ ‘ಟಿ’ ಅಂಥದ್ದಲ್ಲ. ಎದುರಿನ ಎಳೆಯಲ್ಲಿ ಅದಕ್ಕೆ ಸರಿಯಾದ ‘ಎ’ ಕೂತಿದೆ, ಜೋಡಿ ಲಕ್ಷಣವಾಗಿದೆ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಬ್ಬರಲ್ಲಿ ತಪ್ಪಾದಾಗ ತಿದ್ದಲು ಗಳಿಗೆಗಳ ಅವಕಾಶವಿತ್ತು. ಅದು ತಪ್ಪಿಹೋದ ಮೇಲೆ ತಪ್ಪೇ ಮೂಲಪ್ರತಿಯಾಯಿತು. ಅಲ್ಲಿಂದ ಈಚೆಗೆ ದುರಸ್ತಿಯ ಪ್ರೋಟೀನುಗಳು ಆ ತಪ್ಪನ್ನೇ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿವೆ. ಆ ಮೂಲವ್ಯಕ್ತಿ ಒಬ್ಬನೇ, ಆಫ್ರಿಕಾದವನೇ, ಅಥವಾ ಭಾರತದಲ್ಲಿ ಬೇರೆಯಾಗಿಯೇ ಒಮ್ಮೆ ಈ ತಪ್ಪು ನಡೆಯಿತೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. 1980ರ ದಶಕದಲ್ಲಿ ಭಾರತ ಮತ್ತು ಪೂರ್ವ ಅರೇಬಿಯಾಕ್ಕೆ ಸೇರಿದ ಪ್ರತ್ಯೇಕ ಮಾದರಿಯೊಂದನ್ನು ಗುರುತಿಸಿ ಬೇರೆ ಹುಟ್ಟು ಎಂದವರಿದ್ದರು. 2018ರಲ್ಲಿ ಇಡೀ ಜೀನೋಮ್ ಓದಿ ಆಫ್ರಿಕಾದ ಒಂದೇ ಹುಟ್ಟು ಎಂದವರೂ ಇದ್ದಾರೆ. ಅದು ಉಳಿದುಕೊಂಡ ಕಾರಣದಲ್ಲಿ ಮಾತ್ರ ತಕರಾರು ಕಡಿಮೆ. ಒಂದೇ ಪ್ರತಿ ಇರುವವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು 1954ರಲ್ಲಿ ಆಂಟನಿ ಆಲಿಸನ್ ತೋರಿಸಿದ್ದರು.

ದುರಸ್ತಿಯ ಪ್ರೋಟೀನಿನ ಕಣ್ಣಿಗೆ ಅಲ್ಲಿ ದೋಷವೇ ಇಲ್ಲ. ಆ ಪ್ರೋಟೀನು ಬರಬೇಕಾದರೆ ನಾವೇ ಅಲ್ಲಿ ಹಾನಿ ಮಾಡಬೇಕು. ಹೇಳಲು ಹುಚ್ಚುತನ ಎನಿಸುವ ಈ ಮಾತನ್ನು 1994ರಲ್ಲಿ ಮರಿಯಾ ಜಾಸಿನ್ ತಂಡ ನಿಜ ಮಾಡಿತು. ಇಲಿಯ ಜೀವಕೋಶದ ವರ್ಣತಂತುವನ್ನು ಗೊತ್ತಾದ ಒಂದು ಜಾಗದಲ್ಲಿ ಎರಡೂ ಎಳೆ ಸೇರಿಸಿ ಕತ್ತರಿಸಿದಾಗ, ಆ ಜಾಗದಲ್ಲಿ ನಮಗೆ ಬೇಕಾದ ಬದಲಾವಣೆ ಸೇರುವ ಸಾಧ್ಯತೆ ಹಲವು ಪಟ್ಟು ಹೆಚ್ಚಿತು. ಜೀನ್ ತಿದ್ದುವ ವಿದ್ಯೆಯ ಬೀಜ ಇದೇ. ಮುಂದೆ ಬಂದ ಕ್ರಿಸ್ಪರ್ ಎಂಬ ಜೀನ್ ಕತ್ತರಿಯ ಗದ್ದಲದಲ್ಲಿ ಜಾಸಿನ್ ಹೆಸರು ಹಿಂದೆ ಸರಿದುಹೋದದ್ದು ನ್ಯಾಯವಲ್ಲ ಎಂದು ನನಗನಿಸುತ್ತದೆ.

ಎರಡೂ ಎಳೆ ಕಡಿದರೆ ಜೀವಕೋಶಕ್ಕೆ ಅದು ಪ್ರಾಣಾಪಾಯ; ನೋಡಿ ತುಂಬಲು ಎದುರಿನ ಎಳೆಯೂ ಇಲ್ಲ. ಆಗ ಎರಡು ದಾರಿಗಳಿವೆ. ಕೊಳ್ಳೇಗಾಲದ ಮಗ್ಗದಲ್ಲಿ ರೇಷ್ಮೆಯ ಹಾಸಿನ ಎಳೆ ಕಡಿದಾಗ ನೇಕಾರರು ತುದಿಗೆ ತುದಿ ಗಂಟು ಹಾಕಿ ಮುಂದುವರಿಯುತ್ತಾರೆ. ಅಂಚಿನ ಚಿತ್ತಾರವೇ ಕೆಟ್ಟರೆ ಮಾದರಿ ಎದುರಿಟ್ಟುಕೊಂಡು ನೆಯ್ಯಬೇಕಾಗುತ್ತದೆ. ಜೀವಕೋಶವೂ ಬಹುಪಾಲು ಗಂಟು ಹಾಕುತ್ತದೆ. ಮಾದರಿ ನೋಡಿ ತಿದ್ದುವ ದಾರಿಗೆ ಆರ್‌ಎಡಿ51, ಬಿಆರ್‌ಸಿಎ2 ಮುಂತಾದ ಪ್ರೋಟೀನುಗಳು ಬೇಕು. ಅದು ಬಹುಮಟ್ಟಿಗೆ ಡಿಎನ್‌ಎ ನಕಲಾದ ಮೇಲೆ, ಪಕ್ಕದಲ್ಲಿ ಇನ್ನೊಂದು ಪ್ರತಿ ಇರುವಾಗ ಮಾತ್ರ ನಡೆಯುತ್ತದೆ. ಗಂಟು ಹಾಕುವ ದಾರಿ ಯಾವಾಗಲೂ ತೆರೆದಿದೆ, ವೇಗವಾಗಿದೆ, ಒಂದೆರಡು ಅಕ್ಷರ ಹೋದರೂ ಲೆಕ್ಕಿಸುವುದಿಲ್ಲ.

ಈ ಆತುರದ ಬೆಸುಗೆಯ ಪಾತ್ರಧಾರಿಗಳು ಬಿಡಿಬಿಡಿಯಾಗಿ ಸಿಕ್ಕರು. ತುದಿಗಳನ್ನು ಮೊದಲು ಹಿಡಿಯುವ ಕು ಎಂಬ ಪ್ರೋಟೀನು 1981ರಲ್ಲಿ ಜಪಾನಿನ ರೋಗಿಯೊಬ್ಬರ ರಕ್ತದಲ್ಲಿದ್ದ ಪ್ರತಿಕಾಯಗಳ ಮೂಲಕ ಪತ್ತೆಯಾಯಿತು. ಆ ರೋಗಿಯ ಹೆಸರಿನ ಮೊದಲಕ್ಷರಗಳೇ ಪ್ರೋಟೀನಿನ ಹೆಸರಾದವು. ಅದು ಡಿಎನ್‌ಎ ಬೆಸೆಯುವ ಕೆಲಸದ್ದು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕೊನೆಯ ಬೆಸುಗೆ ಹಾಕುವ ಲೈಗೇಸ್ 4 ಸಿಕ್ಕಿದ್ದು 1995ರಲ್ಲಿ, ಲಂಡನ್ನಿಗೆ ಬಂದು ನೆಲೆಸಿದ್ದ ಅದೇ ಲಿಂಡಾಲ್ ಅವರ ಪ್ರಯೋಗಾಲಯದಲ್ಲಿ. ಅದರ ಜೊತೆಗಾರ ಎಕ್ಸ್‌ಆರ್‌ಸಿಸಿ4 ಕೂಡ ಅದೇ ವರ್ಷ. ಈ ಪ್ರೋಟೀನುಗಳಿಗೆ ಇನ್ನೊಂದು ಕಾಯಂ ಉದ್ಯೋಗವಿದೆ ಎಂಬುದು ಅಷ್ಟರಲ್ಲಿ ತಿಳಿದಿತ್ತು. ರೋಗನಿರೋಧಕ ಕೋಶಗಳು ಬಗೆಬಗೆಯ ಪ್ರತಿಕಾಯ ಮಾಡಲು ತಮ್ಮ ಜೀನ್‌ಗಳನ್ನು ತಾವೇ ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ಕತ್ತರಿಸುವುದು ರ‍್ಯಾಗ್ ಎಂಬ ಪ್ರೋಟೀನು, ಜೋಡಿಸುವುದು ಈ ಬಳಗ. ಜೋಡಣೆ ತಪ್ಪಿ ಒಂದು ವರ್ಣತಂತುವಿನ ತುದಿ ಇನ್ನೊಂದರ ತುದಿಗೆ ಅಂಟಿದರೆ ಲಿಂಫೋಮಾದಂಥ ರಕ್ತದ ಕ್ಯಾನ್ಸರ್‌ಗೆ ದಾರಿಯಾಗುತ್ತದೆ.

ಬೆಂಗಳೂರು ಕಥೆಯೊಳಗೆ ಬರುವುದು ಇಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದ ಸತೀಶ್ ಸಿ. ರಾಘವನ್ ಲಾಸ್ ಏಂಜಲಿಸ್‌ನ ಮೈಕೆಲ್ ಲೀಬರ್ ಅವರ ಬಳಿ ಈ ಅಡ್ಡಜೋಡಣೆಯ ಮೇಲೆಯೇ ಕೆಲಸ ಮಾಡಿದರು. ಫಾಲಿಕ್ಯುಲರ್ ಲಿಂಫೋಮಾದಲ್ಲಿ ಬಿಸಿಎಲ್2 ಜೀನ್ ಹೆಚ್ಚಾಗಿ ಒಂದೇ ಜಾಗದಲ್ಲಿ ಏಕೆ ಮುರಿಯುತ್ತದೆ? ಅಲ್ಲಿ ಡಿಎನ್‌ಎ ಮಾಮೂಲಿ ಸುರುಳಿ ಬಿಟ್ಟು ಬೇರೆ ಆಕಾರ ತಾಳುತ್ತದೆ, ರ‍್ಯಾಗ್ ಅದನ್ನು ಕತ್ತರಿಸುತ್ತದೆ ಎಂಬ ಅವರ ಉತ್ತರ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. 2006ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ ಸೇರಿದರು.

ಅಲ್ಲಿ ಅವರ ತಂಡ ಹಿಡಿದ ಎಳೆ ಸರಳವಾಗಿತ್ತು. ಕೊಳ್ಳೇಗಾಲದ ಕಡೆಯಿಂದ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುವ ಕ್ಯಾನ್ಸರ್ ರೋಗಿಗೆ ಕರೆಂಟು ಕೊಡುವುದು ಎಂದು ನಮ್ಮವರು ಹೇಳುವ ವಿಕಿರಣ ಚಿಕಿತ್ಸೆ ಮಾಡುವುದಾದರೂ ಏನು? ಗೆಡ್ಡೆಯ ಕೋಶಗಳ ಡಿಎನ್‌ಎಯನ್ನು ಎರಡೂ ಎಳೆ ಸೇರಿ ಮುರಿಯುವುದು. ಮುರಿದದ್ದನ್ನು ಕೋಶ ಬೆಸೆದುಕೊಂಡರೆ ಗೆಡ್ಡೆ ಉಳಿಯುತ್ತದೆ. ಬೆಸೆಯುವ ಲೈಗೇಸ್ 4ನ್ನೇ ತಡೆದರೆ? ಅಮೆರಿಕದ ಆಲನ್ ಟಾಮ್‌ಕಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಕಂಪ್ಯೂಟರ್ ನೆರವಿನಿಂದ ಕೆಲವು ಲೈಗೇಸ್ ತಡೆಗಳನ್ನು ಹುಡುಕಿದ್ದರು. ಅವುಗಳಲ್ಲಿ ಎಲ್189 ಎಂಬುದು ಮೂರೂ ಮಾನವ ಲೈಗೇಸ್‌ಗಳನ್ನು ತಡೆಯುತ್ತಿತ್ತು. ಅದರ ರಚನೆಯ ಆಧಾರದಲ್ಲಿ ಬೆಂಗಳೂರಿನವರು ಹೊಸ ಅಣುಗಳನ್ನು ರೂಪಿಸಿದರು. ರಸಾಯನ ವಿಜ್ಞಾನದ ಕೆಲಸದಲ್ಲಿ ಕೆಎಲ್‌ಇ ಫಾರ್ಮಸಿ ಕಾಲೇಜಿನ ಸುಭಾಸ್ ಕರ್ಕಿ ಕೈಜೋಡಿಸಿದರು. ಹಲವು ಅಣುಗಳಲ್ಲಿ ಗೆದ್ದದ್ದು ಎಸ್‌ಸಿಆರ್7. ಮೃಣಾಲ್ ಶ್ರೀವಾಸ್ತವ, ಮೃದುಲಾ ನಂಬಿಯಾರ್ ಮೊದಲ ಹೆಸರುಗಳಾಗಿದ್ದ ಪ್ರಬಂಧ 2012ರ ಡಿಸೆಂಬರಿನಲ್ಲಿ ಸೆಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಸ್‌ಸಿಆರ್7 ಲೈಗೇಸ್ 4ರ ಕೆಲಸ ನಿಲ್ಲಿಸುತ್ತದೆ, ಮುರಿದ ಡಿಎನ್‌ಎ ಹಾಗೇ ಉಳಿದು ಕ್ಯಾನ್ಸರ್ ಕೋಶ ಸಾಯುತ್ತದೆ, ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದು ಸಾರಾಂಶ. ಮರುವರ್ಷ ರಾಘವನ್ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಅದೇ 2012ರಲ್ಲಿ, ಆರು ತಿಂಗಳ ಮೊದಲು, ಜೆನ್ನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪಾಂಟ್ಯೇ ಅವರ ಕ್ರಿಸ್ಪರ್ ಪ್ರಬಂಧ ಬಂದಿತ್ತು. ಬೇಕೆಂದ ಜಾಗದಲ್ಲಿ ಡಿಎನ್‌ಎ ಕತ್ತರಿಸುವ ಅಗ್ಗದ ಕತ್ತರಿ ಜಗತ್ತಿನ ಎಲ್ಲ ಪ್ರಯೋಗಾಲಯಗಳ ಕೈಗೆ ಸಿಕ್ಕಿತು. ಕತ್ತರಿಸಿದ ಮೇಲೆ ಏನಾಗಬೇಕು ಎಂಬುದು ಮಾತ್ರ ಕತ್ತರಿಯ ಕೈಯಲ್ಲಿಲ್ಲ. ಮಾದರಿ ಕೊಟ್ಟು, ಅದನ್ನು ನೋಡಿ ತಿದ್ದಲಿ ಎಂದು ಕಾದರೆ ಆತುರದ ಬೆಸುಗೆ ಮೊದಲೇ ಮುಗಿದಿರುತ್ತದೆ. ಹಾಗಾದರೆ ಅದನ್ನು ಸ್ವಲ್ಪ ಹೊತ್ತು ತಡೆಯೋಣ ಎಂದು ಹುಡುಕಿದವರಿಗೆ ಸಿಕ್ಕಿದ್ದು ಬೆಂಗಳೂರಿನ ಅಣು. 2015ರಲ್ಲಿ ಅಮೆರಿಕದ ಹಿಡ್ಡೆ ಪ್ಲೂ ಅವರ ತಂಡ ಎಸ್‌ಸಿಆರ್7 ಬಳಸಿ ನಿಖರ ತಿದ್ದುಪಡಿಯನ್ನು 19 ಪಟ್ಟಿನವರೆಗೂ ಹೆಚ್ಚಿಸಿದ್ದಾಗಿ ವರದಿ ಮಾಡಿತು. ಬರ್ಲಿನ್ನಿನ ತಂಡವೂ ಹೆಚ್ಚಳ ಕಂಡಿತು, ಅಷ್ಟು ದೊಡ್ಡದಲ್ಲ. ಕ್ಯಾನ್ಸರ್‌ಗೆಂದು ಹುಟ್ಟಿದ ಅಣು ರಾಸಾಯನಿಕ ಕಂಪನಿಗಳ ಕ್ಯಾಟಲಾಗ್ ಸೇರಿ ಮಾರಾಟವಾಗತೊಡಗಿತು.

ಪೆಟ್ಟು ಬಿದ್ದದ್ದು 2016ರಲ್ಲಿ. ಎಸ್‌ಸಿಆರ್7 ಲೈಗೇಸ್ 4ಕ್ಕೆ ಸೀಮಿತವೂ ಅಲ್ಲ, ಪ್ರಬಲವೂ ಅಲ್ಲ ಎಂದು ಶೀರ್ಷಿಕೆಯಲ್ಲೇ ಸಾರಿದ ಪ್ರಬಂಧ ಡಿಎನ್‌ಎ ರಿಪೇರ್ ಪತ್ರಿಕೆಯಲ್ಲಿ ಬಂತು. ಬರೆದವರಲ್ಲಿ ಎಲ್189 ಕೊಟ್ಟ ಟಾಮ್‌ಕಿನ್ಸನ್ ಇದ್ದರು, ರಾಘವನ್ ಅವರ ಗುರು ಲೀಬರ್ ಕೂಡ ಇದ್ದರು. ಮೊದಲು ಹೇಳಿದ ರಚನೆ ಅಣುವಿಗೆ ನಿಜವಾಗಿ ಇರುವ ರಚನೆಯಲ್ಲ, ಅದು ಲೈಗೇಸ್ 1 ಮತ್ತು 3ನ್ನು ಹೆಚ್ಚು ತಡೆಯುತ್ತದೆ ಎಂಬುದು ಅವರ ವಾದ. ಬೆಂಗಳೂರಿನ ಉತ್ತರ 2018ರಲ್ಲಿ ಬಂತು. ಅಣು ದ್ರಾವಣದಲ್ಲಿ ತಾನಾಗಿ ಉಂಗುರ ಕಟ್ಟಿಕೊಳ್ಳುತ್ತದೆ, ಉತ್ಕರ್ಷಣಗೊಂಡು ಇನ್ನೊಂದು ರೂಪವನ್ನೂ ತಾಳುತ್ತದೆ ಎಂದು ಒಪ್ಪಿಕೊಂಡ ತಂಡ, ಆ ರೂಪಗಳೂ ಲೈಗೇಸ್ 4ನ್ನು ಅವಲಂಬಿಸಿಯೇ ಕೋಶಗಳನ್ನು ಕೊಲ್ಲುತ್ತವೆ ಎಂದು ಪ್ರತಿವಾದಿಸಿತು. ಪಕ್ಷ ಹಿಡಿಯುವ ಪರಿಣತಿ ನನಗಿಲ್ಲ. ಆದರೆ ಜೀನ್ ತಿದ್ದುವವರಲ್ಲಿ ಕೆಲವರಿಗೆ ಎಸ್‌ಸಿಆರ್7 ಫಲ ಕೊಟ್ಟು ಕೆಲವರಿಗೆ ಕೊಡದೇ ಹೋದದ್ದು, ಅವರಲ್ಲಿ ಬಹಳ ಮಂದಿ ಡಿಎನ್‌ಎ-ಪಿಕೆ ಎಂಬ ಬೇರೊಂದು ಪ್ರೋಟೀನನ್ನು ತಡೆಯುವ ಔಷಧಗಳ ಕಡೆಗೆ ಹೊರಳಿದ್ದು ನಡೆದ ಸಂಗತಿ. ಆ ದಾರಿಯೂ ನಿಷ್ಕಂಟಕವಾಗಲಿಲ್ಲ. ಅಂಥ ಒಂದು ಔಷಧದಿಂದ ಡಿಎನ್‌ಎಯ ದೊಡ್ಡ ದೊಡ್ಡ ತುಂಡುಗಳೇ ಕಳೆದುಹೋಗುತ್ತವೆ, ಮಾಮೂಲಿ ಪರೀಕ್ಷೆಗೆ ಅದು ಕಾಣುವುದೂ ಇಲ್ಲ ಎಂದು 2024ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ತೋರಿಸಿದರು. ಆತುರಗಾರನನ್ನು ಕೈಕಟ್ಟಿ ಕೂರಿಸಿದರೆ ಅವನಿಗಿಂತ ಒರಟನೊಬ್ಬ ಬಂದು ಕೆಲಸ ಕೆಡಿಸುತ್ತಾನೆ.

ಇಷ್ಟರಲ್ಲಿ ಇನ್ನೊಂದು ಗುಂಪು ತಡೆಯುವ ಗೋಜಿಗೇ ಹೋಗಲಿಲ್ಲ. ಆತುರದ ಬೆಸುಗೆ ಒಂದೆರಡು ಅಕ್ಷರ ಕೆಡಿಸುತ್ತದೆ ತಾನೇ? ಕೆಡಿಸಿದರೇ ಒಳಿತಾಗುವ ಜಾಗ ಹುಡುಕೋಣ ಎಂದಿತು. ಅದರ ಬೇರು 1948ರದ್ದು. ಸಿಕಲ್ ಸೆಲ್ ಇರುವ ಹಸುಗೂಸುಗಳಿಗೆ ಮೊದಲ ತಿಂಗಳುಗಳಲ್ಲಿ ತೊಂದರೆಯಾಗುವುದಿಲ್ಲ, ಅವುಗಳ ರಕ್ತದಲ್ಲಿನ್ನೂ ಭ್ರೂಣದ ಹಿಮೋಗ್ಲೋಬಿನ್ ಇರುತ್ತದೆ ಎಂದು ನ್ಯೂಯಾರ್ಕಿನ ವೈದ್ಯೆ ಜಾನೆಟ್ ವಾಟ್ಸನ್ ಗಮನಿಸಿದ್ದರು. ಭಾರತದ ಬುಡಕಟ್ಟುಗಳಲ್ಲಿ ಸಾಮಾನ್ಯವಾದ ಅರಬ್-ಭಾರತೀಯ ಮಾದರಿಯಲ್ಲಿ ಈ ಭ್ರೂಣದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಸಾಕಷ್ಟು ಉಳಿಯುವುದರಿಂದ ಕಾಯಿಲೆ ಎಷ್ಟೋ ಜನರಲ್ಲಿ ತುಸು ಸೌಮ್ಯ. ಉಳಿದವರಲ್ಲಿ ಭ್ರೂಣದ ಹಿಮೋಗ್ಲೋಬಿನ್ ಅನ್ನು ಮುಚ್ಚುವ ಕೈ ಯಾವುದು? ಬಿಸಿಎಲ್11ಎ ಎಂಬ ಪ್ರೋಟೀನು ಎಂದು 2008ರಲ್ಲಿ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ತೋರಿಸಿದರು. ಅದರ ಜೀನನ್ನು ಕೆಂಪು ರಕ್ತಕಣಗಳಾಗುವ ಕೋಶಗಳಲ್ಲಿ ಮಾತ್ರ ಚುರುಕುಗೊಳಿಸುವ ಒಂದು ಚಿಕ್ಕ ಭಾಗ 2013ರಲ್ಲಿ ಸಿಕ್ಕಿತು.

ಚಿಕಿತ್ಸೆ ನಡೆಯುವುದು ಹೀಗೆ. ರೋಗಿಯ ರಕ್ತದ ಆಕರಕೋಶಗಳನ್ನು ಹೊರತೆಗೆದು ಕ್ರಿಸ್ಪರ್‌ನಿಂದ ಆ ಚಿಕ್ಕ ಭಾಗವನ್ನು ಕತ್ತರಿಸುತ್ತಾರೆ. ಮಾದರಿ ಏನೂ ಕೊಡುವುದಿಲ್ಲ. ಕು ಬಂದು ತುದಿ ಹಿಡಿಯುತ್ತದೆ, ಲೈಗೇಸ್ 4 ಬೆಸೆಯುತ್ತದೆ, ಬೆಸೆಯುವಾಗ ಕೆಲವು ಅಕ್ಷರ ತಪ್ಪುತ್ತದೆ. ತಪ್ಪಿದ್ದರಿಂದ ಬಿಸಿಎಲ್11ಎ ಮಂಕಾಗುತ್ತದೆ, ಭ್ರೂಣದ ಹಿಮೋಗ್ಲೋಬಿನ್ ಮರಳುತ್ತದೆ. ಸಿಕಲ್ ಸೆಲ್‌ನ ಆ ‘ಟಿ’ ಮಾತ್ರ ಮೊದಲಿನಂತೆ ತನ್ನ ಜಾಗದಲ್ಲೇ ಇರುತ್ತದೆ, ಅದನ್ನು ಯಾರೂ ಮುಟ್ಟಿಲ್ಲ! ಬೆಂಗಳೂರಿನಲ್ಲಿ ಯಾವ ಪ್ರೋಟೀನನ್ನು ನಿಲ್ಲಿಸಲು ಅಣು ಹುಡುಕಿದ್ದರೋ ಅದೇ ಇಲ್ಲಿ ವೈದ್ಯನಾಯಿತು. ಪತ್ರಿಕೆಗಳೆಲ್ಲ ಕತ್ತರಿಯನ್ನು ಹೊಗಳಿದವು. 2020ರ ನೊಬೆಲ್ ಕೂಡ ಕತ್ತರಿಗೇ ಹೋಯಿತು. ಬೆಸೆದ ಪ್ರೋಟೀನಿನ ಹೆಸರು ಎಷ್ಟು ಮಂದಿಗೆ ಗೊತ್ತು?

2019ರ ಜುಲೈನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ವಿಕ್ಟೋರಿಯಾ ಗ್ರೇ ಎಂಬ ಮಹಿಳೆ ಈ ಚಿಕಿತ್ಸೆ ಪಡೆದ ಮೊದಲ ಸಿಕಲ್ ಸೆಲ್ ರೋಗಿಗಳಲ್ಲಿ ಒಬ್ಬರಾದರು. 2023ರ ನವೆಂಬರ್ 16ರಂದು ಬ್ರಿಟನ್, ಡಿಸೆಂಬರ್ 8ರಂದು ಅಮೆರಿಕ ಕ್ಯಾಸ್ಗೆವಿ ಎಂಬ ಹೆಸರಿನಲ್ಲಿ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಾಧೆ ಬರಲಿಲ್ಲ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಬೆಲೆ ಒಂದು ಕಡೆಗಿರಲಿ, ತಿದ್ದಿದ ಕೋಶಗಳಿಗೆ ಜಾಗ ಮಾಡಿಕೊಡಲು ಅಸ್ಥಿಮಜ್ಜೆಯಲ್ಲಿರುವ ಹಳೆಯವನ್ನು ಮೊದಲು ಬುಸಲ್ಫಾನ್ ಎಂಬ ಔಷಧದಿಂದ ಕೊಲ್ಲಬೇಕು. ಅದು ಡಿಎನ್‌ಎಯನ್ನು ದುರಸ್ತಿಯಾಗದಷ್ಟು ಕೆಡಿಸುವ ಮದ್ದು. ವಾರಗಟ್ಟಲೆ ಆಸ್ಪತ್ರೆವಾಸ, ಸೋಂಕಿನ ಭಯ, ಮಕ್ಕಳಾಗದೇ ಹೋಗುವ ಸಾಧ್ಯತೆ ಎಲ್ಲ ಅದರ ಹಿಂದೆ ಬರುತ್ತವೆ.

ಭಾರತದಲ್ಲಿ ನಡೆದಿರುವ ಕೆಲಸ ಇನ್ನೊಂದು ದಾರಿಯದ್ದು. ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಶೋಧನಾ ಸಂಸ್ಥೆಯ ದೇಬಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ಅವರ ತಂಡ ಕ್ರಿಸ್ಪರ್‌ನಲ್ಲಿ ಕತ್ತರಿಸುವ ಕ್ಯಾಸ್9 ಎಂಬ ಪ್ರೋಟೀನನ್ನು ಬೇರೊಂದು ಬ್ಯಾಕ್ಟೀರಿಯಾದಿಂದ ಆರಿಸಿಕೊಂಡಿತು. ಅದು ತಪ್ಪು ಜಾಗ ಮುಟ್ಟುವುದು ಬಹಳ ಕಡಿಮೆ. ಮೇಲಾಗಿ ಅದು ಕತ್ತರಿಸಿದ ಕಡೆ ಮಾದರಿ ನೋಡಿ ತಿದ್ದುವ ದುರಸ್ತಿ ಹೆಚ್ಚಾಗಿ ನಡೆಯುತ್ತದೆ ಎಂದು 2019ರಲ್ಲಿ ಅವರು ವರದಿ ಮಾಡಿದರು. ರೋಗಿಯೊಬ್ಬರಿಂದ ಪಡೆದ ಕೋಶಗಳಲ್ಲಿ ಆ ಒಂದಕ್ಷರವನ್ನೇ ತಿದ್ದಿ ತೋರಿಸಿದರು. 2025ರ ನವೆಂಬರಿನಲ್ಲಿ ಬಿರ್ಸಾ ಮುಂಡಾರ ಹೆಸರಿಟ್ಟ ಸ್ವದೇಶಿ ಸಿಕಲ್ ಸೆಲ್ ಚಿಕಿತ್ಸೆಯನ್ನು ಕೇಂದ್ರ ಸರ್ಕಾರ ಘೋಷಿಸಿತು. ಅದು ಆಸ್ಪತ್ರೆಗಳಿಗೆ ಬರಲು ಇನ್ನೂ ಪರೀಕ್ಷೆಗಳನ್ನು ದಾಟಬೇಕು.

ಇತ್ತ ಸೋಲಿಗರ ಬೆಟ್ಟದ ಮೇಲಿನ ಕೆಲಸ ತಪಾಸಣೆಯಿಂದ ಶುರುವಾಗುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಕಾರ್ಯಕ್ರಮ, ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆಯ ಗುರಿ ಇಟ್ಟುಕೊಂಡಿತು. 2047ರೊಳಗೆ ಕಾಯಿಲೆಯನ್ನು ನಿವಾರಿಸುವುದು ಅದರ ಘೋಷಣೆ. ಪರೀಕ್ಷೆ ಮಾಡಿ ಫಲಿತಾಂಶದ ಕಾರ್ಡು ಕೊಡೋಣ, ಮದುವೆಗೆ ಮುನ್ನ ಹುಡುಗ ಹುಡುಗಿ ಕಾರ್ಡು ಹೋಲಿಸಿ ನೋಡಲಿ ಎಂಬುದು ಯೋಜನೆಯ ಲೆಕ್ಕಾಚಾರ. ಕುಲದ ಕಟ್ಟುಕಟ್ಟಳೆ ಪಾಲಿಸಿ ನೆಂಟಸ್ತನ ಬೆಳೆಸುವ, ಸಂಖ್ಯೆಯಲ್ಲಿ ಚಿಕ್ಕದಾದ ಸೋಲಿಗರಂಥ ಸಮುದಾಯದಲ್ಲಿ ಈ ಕಾರ್ಡು ಹುಡುಗಿಯರ ಪಾಲಿಗೆ ಕಳಂಕವಾಗದಂತೆ ನೋಡಿಕೊಳ್ಳುವುದು ಪ್ರಯೋಗಾಲಯದವರ ಕೈಯಲ್ಲಿರುವ ಕೆಲಸವಲ್ಲ. ಬೆಟ್ಟದಲ್ಲಿ ವರ್ಷಾನುಗಟ್ಟಲೆ ಓಡಾಡಿದ ಆರೋಗ್ಯ ಕಾರ್ಯಕರ್ತೆಯರಿಗೆ ಅದು ಗೊತ್ತಿದೆ. ಯೋಜನೆಯ ಕಾಗದದಲ್ಲಿ ಅವರ ಮಾತಿಗೆ ಇನ್ನಷ್ಟು ಜಾಗ ಇರಬೇಕಿತ್ತು.

ಸದ್ಯಕ್ಕೆ ರೋಗಿಗೆ ಸಿಗುವ ಮುಖ್ಯ ಮದ್ದು ಹೈಡ್ರಾಕ್ಸಿಯೂರಿಯಾ. ಅದೂ ಮೊದಲು ಕ್ಯಾನ್ಸರ್‌ನ ಔಷಧ. ಡಿಎನ್‌ಎ ಕಟ್ಟಲು ಬೇಕಾದ ಅಕ್ಷರಗಳ ಪೂರೈಕೆಯನ್ನೇ ಕಡಿತ ಮಾಡುತ್ತದೆ. ಮಜ್ಜೆ ಆ ಒತ್ತಡಕ್ಕೆ ಸಿಕ್ಕಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚು ಮಾಡತೊಡಗುತ್ತದೆ, ನೋವಿನ ಬಾಧೆಗಳು ಕಡಿಮೆಯಾಗುತ್ತವೆ. ಅಮೆರಿಕದಲ್ಲಿ ಸಿಕಲ್ ಸೆಲ್‌ಗೆ ಅದನ್ನು ಒಪ್ಪಿದ್ದು 1998ರಲ್ಲಿ. ಬೆಲೆ ಕಡಿಮೆ, ದಿನಾ ನುಂಗಬೇಕು, ರಕ್ತಕಣಗಳ ಎಣಿಕೆ ತೀರಾ ಇಳಿಯದಂತೆ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಮಲೆ ಮಹದೇಶ್ವರ ಬೆಟ್ಟದ ಒಳಗಿನ ಪೋಡಿನಿಂದ ಆ ಪರೀಕ್ಷೆಗೆಂದು ಬರುವವರು ಹನೂರಿಗೋ ಕೊಳ್ಳೇಗಾಲಕ್ಕೋ ಬಸ್ಸು ಹಿಡಿಯಬೇಕು, ಒಂದು ದಿನದ ಕೂಲಿ ಬಿಡಬೇಕು.